ಲಿಯೋನಾಗೆ ಸಿಕ್ಕ ಕಾರ್ಡು

ಲಿಯೋನಾ ವಾಸ್ಕೊ ಬಗ್ಗೆ ಬರೆಯಲು ನನಗಿಂತ ಯೋಗ್ಯರು ಈ ಊರಲ್ಲಿ ಇಲ್ಲ. ಅವಳನ್ನು ಪ್ರೀತಿಸಿದವರು ಬೇಕಾದಷ್ಟು ಜನ ಇದ್ದಾರೆ. ಐವತ್ತು ವರ್ಷ ಒಂದು ದಿನವೂ ಬಿಡದೆ ಅವಳನ್ನು ಕಂಡು ಹೊಟ್ಟೆ ಉರಿಸಿಕೊಂಡವಳು ನಾನೊಬ್ಬಳೇ. ಪ್ರೀತಿಸುವವರು ಅರ್ಧ ನೋಡಿ ಅರ್ಧ ಬಿಡುತ್ತಾರೆ, ಹೊಟ್ಟೆಕಿಚ್ಚಿನವರು ಏನನ್ನೂ ಬಿಡುವುದಿಲ್ಲ.

ನಮ್ಮದು ಪೆನ್ಸಿಲ್ವೇನಿಯಾದ ಕಲ್ಲಿದ್ದಲು ಊರು. ಗಣಿ ಮುಚ್ಚಿ ಎಷ್ಟೋ ಕಾಲವಾಯಿತು, ಗಣಿಯವರು ಕಟ್ಟಿಸಿದ ಜೋಡಿ ಮನೆಗಳು ಮಾತ್ರ ಉಳಿದಿವೆ. ಒಂದೇ ಸೂರು, ನಡುವೆ ಒಂದೇ ಗೋಡೆ, ಆ ಕಡೆ ಒಂದು ಸಂಸಾರ, ಈ ಕಡೆ ಒಂದು. ಆ ಕಡೆ ಲಿಯೋನಾ, ಈ ಕಡೆ ನಾನು, ಬರ್ನಡೀನ್ ಪೆಟ್ರಿಕ್. ಅವಳು ಸೀನಿದರೆ ನನಗೆ ಕೇಳುತ್ತದೆ.

ನಾವಿಬ್ಬರೂ ಒಂದೇ ಶರ್ಟಿನ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ದುಡಿದೆವು. ನಾನು ಕಾಲರ್ ಕೂಡಿಸುತ್ತಿದ್ದೆ, ಅವಳು ಗುಂಡಿಯ ಕಾಜಾ ಮಾಡುತ್ತಿದ್ದಳು. ಸಂಬಳ ಹೆಚ್ಚುಕಡಿಮೆ ಒಂದೇ. ನಾನು ಮತ್ತು ನನ್ನ ಗಂಡ ಕೈ ಬಾಯಿ ಕಟ್ಟಿ ಉಳಿಸಿದೆವು. ಎಲೆಕೋಸಿನ ಸೂಪನ್ನೇ ಮೂರು ದಿನ ಬಿಸಿ ಮಾಡಿ ತಿಂದೆವು. ಸಮುದ್ರ ನೋಡಿದ್ದು ಒಂದೇ ಸಲ, ಅದೂ ಚರ್ಚಿನ ಬಸ್ಸಿನಲ್ಲಿ. ಲಿಯೋನಾ ಹಾಗಲ್ಲ. ಶನಿವಾರ ಬಂತೆಂದರೆ ಅಗ್ನಿಶಾಮಕದವರ ಸಭಾಂಗಣದಲ್ಲಿ ಪೋಲ್ಕಾ ಕುಣಿತ. ಅವಳ ಗಂಡ ಮೈಕ್ ಗಣಿಯ ಧೂಳು ಕುಡಿದು ಕುಡಿದು ಶ್ವಾಸಕೋಶ ಕಪ್ಪಾಗಿ ಸತ್ತ. ಅವನು ಸತ್ತ ವರ್ಷ ತುಂಬುವುದರೊಳಗೆ ಮತ್ತೆ ಕುಣಿಯಲು ಹೋದಳು, ಕೆಂಪು ಚಪ್ಪಲಿ ಬೇರೆ! ಯಾರಾದರೂ ಬಂದು "ಲಿಯೋನಾ, ಈ ತಿಂಗಳು ಕೈ ಬಿಗಿ" ಎಂದರೆ ಸಾಕು, ಕೈಚೀಲ ಬಿಚ್ಚುತ್ತಿದ್ದಳು. ನನ್ನ ಹತ್ತಿರ ಯಾರೂ ಕೇಳುತ್ತಿರಲಿಲ್ಲ. ಕೇಳದಿರುವಂತೆ ಮುಖ ಇಟ್ಟುಕೊಳ್ಳುವುದು ನನಗೆ ಗೊತ್ತಿತ್ತು.

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಅಂತ ನಮ್ಮಮ್ಮ ಹೇಳುತ್ತಿದ್ದಳು. ಲಿಯೋನಾ ಬೀದಿಗೆ ಬರುವ ದಿನ ನೋಡುತ್ತೇನೆ, ಆಗ ಬುದ್ಧಿ ಹೇಳುತ್ತೇನೆ ಎಂದು ನಾನು ಕಾದಿದ್ದೆ. ಆ ದಿನ ಬಂತು. ಎಪ್ಪತ್ತೆಂಟನೇ ವಯಸ್ಸಿನಲ್ಲಿ ಅವಳಿಗೆ ಪಾರ್ಶ್ವವಾಯು ಹೊಡೆದು ಎಡಗೈ ಬಿದ್ದುಹೋಯಿತು. ಒಂದು ಡಬ್ಬಿ ಬಿಸ್ಕತ್ತು ಹಿಡಿದು ನೋಡಲು ಹೋದೆ. ಮರುಕ ಪಡುವುದಕ್ಕೆ ಹೋದವಳು, ಬರುವಾಗ ಹೊಟ್ಟೆಯಲ್ಲಿ ಬೆಂಕಿ ಇಟ್ಟುಕೊಂಡು ಬಂದೆ.

ಯಾಕೆಂದರೆ ಅವಳಿಗೆ ಕಾರ್ಡು ಸಿಕ್ಕಿತ್ತು. ಬಡವರಿಗೆ ಸರ್ಕಾರ ಕೊಡುವ ಮೆಡಿಕೇಡ್ ಕಾರ್ಡು, ಅದಿದ್ದರೆ ಮನೆಗೆ ಬಂದು ನೋಡಿಕೊಳ್ಳುವವರ ಸಂಬಳವೂ ಸರ್ಕಾರದ್ದೇ. ಬ್ಯಾಂಕಿನಲ್ಲಿ ಎರಡು ಸಾವಿರ ಡಾಲರ್‌ಗಿಂತ ಹೆಚ್ಚಿರಬಾರದು ಎಂಬುದು ಕಟ್ಟಳೆ. ಲಿಯೋನಾ ಹತ್ತಿರ ಇನ್ನೂರೂ ಇರಲಿಲ್ಲ. ವಾಸದ ಮನೆ ಲೆಕ್ಕಕ್ಕಿಲ್ಲ, ಹಿತ್ತಲಲ್ಲಿ ತುಕ್ಕು ಹಿಡಿದು ನಿಂತ ಕಾರೂ ಲೆಕ್ಕಕ್ಕಿಲ್ಲ. ಕೆಲವೇ ವಾರದಲ್ಲಿ ಬೆಳಿಗ್ಗೆ ಎಂಟರಿಂದ ಹನ್ನೆರಡರವರೆಗೆ ಯದೀರಾ ಎಂಬ ಡೊಮಿನಿಕನ್ ಹುಡುಗಿ ಬರತೊಡಗಿದಳು. ಸ್ನಾನ ಮಾಡಿಸುತ್ತಾಳೆ, ತಲೆ ಬಾಚುತ್ತಾಳೆ, ಮೊಟ್ಟೆ ಬೇಯಿಸುತ್ತಾಳೆ. ಗೋಡೆಯಾಚೆ ನಲ್ಲಿ ಬಿಟ್ಟ ಸದ್ದು, ಇಬ್ಬರೂ ನಗುವ ಸದ್ದು. ಈಚೆ ನಾನು ಒಬ್ಬಳೇ, ಸೆಟೆದ ಬೆರಳುಗಳಿಂದ ಕಾಲುಚೀಲ ಏರಿಸಲು ಅರ್ಧ ಗಂಟೆ ಒದ್ದಾಡುತ್ತ ಅದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದೆ.

ಕುಣಿದವಳಿಗೆ ಸೇವೆ, ಕೂಡಿಟ್ಟವಳಿಗೆ ಕಾಲುಚೀಲ. ಇದು ಯಾವ ಊರಿನ ನ್ಯಾಯ?

ಮರು ವರ್ಷ ಚಳಿಗಾಲದಲ್ಲಿ ನಾನು ಸ್ನಾನದ ತೊಟ್ಟಿಯಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡೆ. ಆಸ್ಪತ್ರೆಯಿಂದ ಕಳಿಸುವಾಗ ಡಾಕ್ಟರು ಮುಖಕ್ಕೆ ಹೊಡೆದಂತೆ ಹೇಳಿದರು. "ಮನೆಯಲ್ಲಿ ದಿನಾ ಒಬ್ಬರು ಸಹಾಯಕ್ಕೆ ಬೇಕು. ಇಲ್ಲದಿದ್ರೆ ವೃದ್ಧರ ನಿವಾಸಕ್ಕೆ ಸೇರ್ಕೊಳ್ಳಿ." ಆ ನಿವಾಸದಲ್ಲಿ ನನ್ನ ಅತ್ತೆ ಸತ್ತಿದ್ದಳು. ಕಾರಿಡಾರಿನಲ್ಲಿ ಗಾಲಿಕುರ್ಚಿಗಳ ಸಾಲು, ಯಾರ ಕಣ್ಣೂ ಯಾರನ್ನೂ ನೋಡುವುದಿಲ್ಲ. ನನ್ನ ಮನೆಯಲ್ಲೇ ಸಾಯಬೇಕು, ಬೇರೇನೂ ಬೇಡ ಎಂದು ಅವತ್ತು ನಿರ್ಧರಿಸಿದೆ.

ಕೋಲೂರಿಕೊಂಡು ಆ ಕಾರ್ಡು ಕೊಡುವ ಕಚೇರಿಗೆ ಹೋದೆ. ಅಲ್ಲಿ ಮಿಸ್ ಓಲ್ಷೆಫ್ಸ್ಕಿ ಎಂಬ ತಾಳ್ಮೆಯ ಹೆಂಗಸು ನನ್ನ ಕಾಗದಗಳನ್ನೆಲ್ಲ ನೋಡಿ ಕನ್ನಡಕ ತೆಗೆದಳು.

"ಮಿಸೆಸ್ ಪೆಟ್ರಿಕ್, ನಿಮ್ಮ ಹತ್ರ ಮೂವತ್ತೆರಡು ಸಾವಿರ ಇದೆ."

"ಇದೆ. ಕಳ್ಳತನದ್ದಲ್ಲ, ಕಾಲರ್ ಹೊಲಿದದ್ದು."

"ಗೊತ್ತು. ಆದ್ರೆ ಇದು ಎರಡು ಸಾವಿರಕ್ಕೆ ಇಳೀಬೇಕು. ನಿಮ್ಮ ಆರೈಕೆಗೆ ಖರ್ಚು ಮಾಡಿ, ಮನೆ ರಿಪೇರಿ ಮಾಡಿಸಿ, ನಿಮ್ಮ ಅಂತ್ಯಕ್ರಿಯೆಗೆ ಮೊದಲೇ ಕಟ್ಟಿಬಿಡಿ..."

"ಅದೆಲ್ಲ ಕಟ್ಟಾಗಿದೆ. ಗಂಡನ ಪಕ್ಕ ಸಮಾಧಿ ಕಲ್ಲಿನ ಮೇಲೆ ನನ್ನ ಹೆಸರೂ ಕೆತ್ತಿಸಿದೀನಿ. ತಾರೀಖೊಂದು ಬಾಕಿ."

ಅವಳಿಗೆ ನಗು ಬಂತು. "ಹಾಗಾದ್ರೆ ಉಳಿದದ್ದನ್ನ ನಿಮಗೋಸ್ಕರ ಖರ್ಚು ಮಾಡಿ. ಕಡಿಮೆ ಆದ್ಮೇಲೆ ಬನ್ನಿ. ಯಾರಿಗೂ ಕೊಡೋ ಹಾಗಿಲ್ಲ, ನೆನಪಿರಲಿ."

ಸಾಯುವುದಕ್ಕೆ ಎಲ್ಲ ತಯಾರಿ ಮಾಡಿಕೊಂಡವಳು ನಾನು, ಬದುಕುವುದಕ್ಕೆ ಮಾತ್ರ ಏನೂ ಮಾಡಿಕೊಂಡಿರಲಿಲ್ಲ. ಮನೆಗೆ ಬಂದಾಗ ಲಿಯೋನಾ ವರಾಂಡದಲ್ಲಿ ಕೂತಿದ್ದಳು. ಅವಳ ವರಾಂಡ, ನನ್ನ ವರಾಂಡ, ನಡುವೆ ಒಂದು ಕಂಬಿ.

"ಏನಂದ್ರು ಕಣೇ ಬರ್ನೀ?"

"ಶ್ರೀಮಂತಳಂತೆ ನಾನು."

"ಅಯ್ಯೋ, ಅಷ್ಟೇ ತಾನೆ! ಬಾತ್‌ರೂಮ್ ಕೆಡವಿ ಹೊಸದು ಹಾಕಿಸ್ಕೋ, ಸೂರು ಸೋರ್ತಿದೆಯಲ್ಲ ಅದನ್ನ ಮಾಡಿಸು. ಮಿಕ್ಕದ್ದಕ್ಕೆ ಒಂದು ಹೆಂಗಸನ್ನ ಇಟ್ಕೋ. ಮುಗಿದ ಮೇಲೆ ಕಾರ್ಡು ತಾನಾಗಿ ಬರುತ್ತೆ. ದುಡ್ಡು ಖರ್ಚು ಮಾಡೋದು ಹೇಗೆ ಅಂತ ನಾನು ಕಲಿಸ್ತೀನಿ ಕಣೇ!"

ಒಳ್ಳೆಯ ಮಾತೇ. ಆದರೆ ಹೇಳಿದವಳು ಲಿಯೋನಾ. ಖರ್ಚು ಮಾಡುವುದನ್ನು ನಾನು ಅವಳಿಂದ ಕಲಿಯಬೇಕೇ? ನುಂಗಲಾರದ ಬಿಸಿ ತುಪ್ಪವಾಯಿತು. ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ.

ಇಲ್ಲಿಂದ ಮುಂದಿನ ತಪ್ಪು ನನ್ನದೇ. ನಮ್ಮ ಸ್ಲೊವಾಕ್ ಚರ್ಚಿನ ನೆಲಮಾಳಿಗೆಯಲ್ಲಿ ಪ್ರತಿ ಗುರುವಾರ ಮುದುಕಿಯರೆಲ್ಲ ಸೇರಿ ಪಿಯೆರೋಗಿ ಮಾಡುತ್ತೇವೆ. ಆಲೂಗಡ್ಡೆ, ಚೀಸು ತುಂಬಿ ಅಂಚು ಒತ್ತಿದ ಕಡುಬು. ಡಜನ್‌ಗಟ್ಟಲೆ ಮಾರಿದ ಹಣದಲ್ಲೇ ಚರ್ಚಿನ ದೀಪ ಉರಿಯುತ್ತದೆ. ಅಲ್ಲಿನ ಗೋಡೆಯ ಮೇಲೆ ಹಿತ್ತಾಳೆಯ ಫಲಕವೊಂದಿದೆ: ಲಿಯೋನಾ ವಾಸ್ಕೊ, ನಲವತ್ತು ವರ್ಷಗಳ ಸೇವೆಗೆ. ಹಿಟ್ಟು ನಾದಿದ್ದಕ್ಕೆ ಫಲಕ! ಆಲೂಗಡ್ಡೆ ಸುಲಿದ ನನಗೆ ಏನೂ ಇಲ್ಲ. ಹದಿನೈದು ವರ್ಷದಿಂದ ಪ್ರತಿ ಗುರುವಾರ ಆ ಫಲಕದ ಎದುರಿಗೇ ಕೂತು ಸುಲಿದಿದ್ದೇನೆ.

ಆ ಗುರುವಾರ ಹಳೆಯ ಒಲೆ ಕೆಟ್ಟು ನಿಂತಿತು. ಹೊಸದಕ್ಕೂ ದೊಡ್ಡದೊಂದು ಫ್ರಿಜ್ಜಿಗೂ ಮೂವತ್ತು ಸಾವಿರ ಬೇಕು, ಎಲ್ಲಿಂದ ತರುವುದು ಎಂದು ಫಾದರ್ ತಲೆ ಮೇಲೆ ಕೈ ಹೊತ್ತರು. ನನ್ನ ತಲೆಯೊಳಗೆ ದೀಪ ಹತ್ತಿತು. ಯಾರಿಗೂ ಕೊಡಬಾರದು ಎಂದಿದ್ದಳು ಮಿಸ್ ಓಲ್ಷೆಫ್ಸ್ಕಿ. ಯಾರಿಗೂ ಎಂದರೆ ಅಣ್ಣನ ಮಗನಿಗೆ, ತಂಗಿಯ ಮಗಳಿಗೆ. ಚರ್ಚಿಗೆ ಕೊಡುವುದು ಕೊಡುವುದೇ? ನಮ್ಮಲ್ಲಿ ಹಾಗೆ ಯಾರೂ ಅಂದುಕೊಳ್ಳುವುದಿಲ್ಲ, ಚರ್ಚಿಗೆ ಕೊಟ್ಟದ್ದು ದೇವರಿಗೆ ತೀರಿಸಿದ್ದು. ಹಣವೂ ಇಳಿಯುತ್ತದೆ, ಕಾರ್ಡೂ ಬರುತ್ತದೆ, ಗೋಡೆಯ ಮೇಲೆ ಲಿಯೋನಾಳದಕ್ಕಿಂತ ದೊಡ್ಡ ಫಲಕ. ಮೂವತ್ತು ಸಾವಿರವನ್ನೂ ನಾನೇ ಕೊಡುತ್ತೇನೆ ಎಂದೆ.

"ನಿಮಗೇ ಬೇಕಾಗಲ್ವಾ ಬರ್ನಡೀನ್?" ಎಂದು ಫಾದರ್ ಎರಡೆರಡು ಸಲ ಕೇಳಿದರು.

"ನನಗೆ ಬೇಕಾದಷ್ಟಿದೆ ಫಾದರ್" ಎಂದೆ, ಎಲ್ಲರಿಗೂ ಕೇಳುವ ಹಾಗೆ.

ಫಲಕ ಬಂತು, ಅವಳದಕ್ಕಿಂತ ನಾಲ್ಕು ಬೆರಳು ಅಗಲ. ಲಿಯೋನಾ ಅದನ್ನು ನೋಡುತ್ತ ಬಹಳ ಹೊತ್ತು ನಿಂತಳು. ಅವಳ ಮುಖ ಸಣ್ಣದಾಯಿತು. ಆ ಮುಖ ನೋಡಿ ನನಗಾದ ಸಂತೋಷವನ್ನು ಪಾಪನಿವೇದನೆಯಲ್ಲೂ ಹೇಳಿಲ್ಲ, ಇಲ್ಲಿ ಹೇಳುತ್ತಿದ್ದೇನೆ.

ಮತ್ತೆ ಕಚೇರಿಗೆ ಹೋದೆ. ಮಿಸ್ ಓಲ್ಷೆಫ್ಸ್ಕಿ ಈ ಸಲ ನಗಲಿಲ್ಲ.

"ಐದು ವರ್ಷದ ಒಳಗೆ ಕೊಟ್ಟ ದಾನವೆಲ್ಲ ಲೆಕ್ಕಕ್ಕೆ ಬರುತ್ತೆ, ಮಿಸೆಸ್ ಪೆಟ್ರಿಕ್. ಚರ್ಚಾದ್ರೂ ಅಷ್ಟೇ. ನೀವು ಕೊಟ್ಟ ಮೂವತ್ತು ಸಾವಿರಕ್ಕೆ ಲೆಕ್ಕ ಹಾಕಿದ್ರೆ ತೊಂಬತ್ತೆಂಟು ದಿನ ನಿಮಗೆ ಸಹಾಯದವರನ್ನ ಕೊಡೋ ಹಾಗಿಲ್ಲ. ಚರ್ಚಿನವರು ಹಣ ವಾಪಸ್ ಕೊಟ್ರೆ ಸರಿಹೋಗುತ್ತೆ. ಕೇಳಿ ನೋಡಿ."

ಕೇಳುವುದೇ? ಗೋಡೆಯಿಂದ ಫಲಕ ಬಿಚ್ಚಿ ಎನ್ನುವುದೇ, ಲಿಯೋನಾ ನೋಡುತ್ತಿರುವಾಗ? ಸತ್ತರೂ ಕೇಳುವುದಿಲ್ಲ ಎಂದುಕೊಂಡೆ. ಹಣವೂ ಇಲ್ಲ, ಕಾರ್ಡೂ ಇಲ್ಲ. ಮಾಡಿದ್ದುಣ್ಣೋ ಮಹರಾಯ. ಅಣ್ಣನ ಮಗ ಒಹಾಯೋದಿಂದ ಫೋನ್ ಮಾಡಿ, "ಮನೆ ಮಾರಿ ನಿವಾಸಕ್ಕೆ ಸೇರ್ಕೊಳ್ಳಿ ಅತ್ತೆ, ಯಾಕೆ ಹಟ" ಎಂದ. ಇನ್ನೊಂದು ಸಲ ಬಿದ್ದರೆ ತಾನೇ ಬಂದು ಕರೆದುಕೊಂಡು ಹೋಗಿ ಸೇರಿಸುತ್ತೇನೆ ಎಂದೂ ಹೇಳಿದ.

ಆ ತೊಂಬತ್ತೆಂಟರಲ್ಲಿ ಒಂಬತ್ತನೇ ದಿನ ಬಿದ್ದೆ. ಮೂಳೆ ಮುರಿಯಲಿಲ್ಲ, ಏಳಲು ಮಾತ್ರ ಆಗಲಿಲ್ಲ. ಸ್ನಾನ ಮಾಡಿ ಅದಾಗಲೇ ಎಂಟು ದಿನವಾಗಿತ್ತು. ಮೈಯ ವಾಸನೆ ನನಗೇ ಬರುತ್ತಿತ್ತು. ಬಿದ್ದ ಸದ್ದು ಗೋಡೆಯಾಚೆ ಕೇಳಿರಬೇಕು, ಲಿಯೋನಾ ಕೋಲಿನಿಂದ ಗೋಡೆ ಬಡಿದಳು.

"ಬರ್ನೀ! ಬದುಕಿದೀಯೇನೇ?"

ನಿಮಿಷದಲ್ಲಿ ಯದೀರಾ ಓಡಿ ಬಂದಳು. ಅವಳ ಹಿಂದೆ ಕಾಲೆಳೆಯುತ್ತ ಲಿಯೋನಾ. ಇಬ್ಬರೂ ಸೇರಿ ನನ್ನನ್ನು ಎಬ್ಬಿಸಿ ಕೂರಿಸಿದರು. ಲಿಯೋನಾ ಮೂಗು ಹಿಂಡಿ, "ಥೂ, ಕಾಲರ್ ಹೊಲಿದವಳೇ, ನಿನ್ನ ಕಾಲರ್ ಯಾರೇ ತೊಳೆಯೋರು?" ಎಂದಳು. ನಾನು ಅತ್ತುಬಿಟ್ಟೆ. ತೊಂಬತ್ತೆಂಟು ದಿನದ ಕಥೆ, ದಾನದ ಕಥೆ, ಎಲ್ಲ ಬಾಯಿಗೆ ಬಂತು.

ಲಿಯೋನಾ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಯದೀರಾ ಕಡೆ ತಿರುಗಿ, "ಮಂಗಳವಾರ, ಶುಕ್ರವಾರ ನನ್ನ ಸ್ನಾನ ಬೇಡ. ಆ ಹೊತ್ತಲ್ಲಿ ಇವಳನ್ನ ನಮ್ಮ ಮನೆಗೆ ಕರ್ಕೊಂಡು ಬಾ" ಎಂದಳು.

"ನನ್ನ ಗಂಟೆಗಳು ನಿಮಗೆ ಅಂತ ಬರ್ದಿರೋದು ಅಮ್ಮಾ. ಕಚೇರಿಗೆ ಗೊತ್ತಾದ್ರೆ..."

"ನಮ್ಮನೆಗೆ ನೆಂಟರು ಬರ್ತಾರೆ. ನೆಂಟರ ಮೈ ಮೇಲೆ ನೀರು ಬಿತ್ತು. ಅದರಲ್ಲೇನು?"

ಯದೀರಾ ಸೂರಿನ ಕಡೆ ನೋಡಿದಳು. "ನಾನೇನೂ ನೋಡಿಲ್ಲ" ಎಂದಳು.

ಹೀಗೆ ನಾನು ವಾರಕ್ಕೆ ಎರಡು ದಿನ ಆ ಕಡೆಯ ಮನೆಗೆ ಹೋಗಿ, ಲಿಯೋನಾಳ ಸಾಬೂನಿನಲ್ಲಿ, ಲಿಯೋನಾಳ ಹುಡುಗಿಯ ಕೈಯಲ್ಲಿ ಸ್ನಾನ ಮಾಡಿಸಿಕೊಂಡೆ. ಬಿಸಿನೀರು ಬೆನ್ನ ಮೇಲೆ ಬಿದ್ದಾಗ ಹಾಯೆನಿಸುತ್ತಿತ್ತು, ಒಡನೆಯೇ ಹೊಟ್ಟೆ ಉರಿಯುತ್ತಿತ್ತು. ಇಷ್ಟು ಮೃದು ಕೈ ಇವಳಿಗೆ ದಿನಾ ಸಿಗುತ್ತಿತ್ತೇ! ಕೃತಜ್ಞತೆ ಬರಬೇಕಿತ್ತು. ಬಂದದ್ದು ಇದು. ಲಿಯೋನಾ ಹೊರಗೆ ಮಂಚದ ಮೇಲೆ ಕೂತು, "ಕಿವಿ ಹಿಂದೆ ಉಜ್ಜು, ಇಪ್ಪತ್ತಾರು ವರ್ಷದ ಧೂಳಿದೆ ಅಲ್ಲಿ" ಎಂದು ಕೂಗುತ್ತಿದ್ದಳು. ಉಳಿದ ದಿನ ಬೆಳಿಗ್ಗೆ ಯದೀರಾ ಲಿಯೋನಾ ಮನೆಯ ಕೆಲಸಕ್ಕೆ ಮುಂಚೆ ಓಡಿ ಬಂದು ನನ್ನ ಕಾಲುಚೀಲ ಏರಿಸಿ ಹೋಗುತ್ತಿದ್ದಳು. ನಾನು ಮತ್ತೆ ಬೀಳಲಿಲ್ಲ. ಆ ಒಂದು ಸಲ ಬಿದ್ದದ್ದನ್ನು ಯಾರೂ ಹೇಳದ್ದರಿಂದ ಅಣ್ಣನ ಮಗ ಬರಲಿಲ್ಲ.

ತೊಂಬತ್ತೆಂಟು ದಿನ ಕಳೆಯಿತು. ಕಚೇರಿಯಿಂದ ಪತ್ರ ಬಂತು: ಕಾರ್ಡು ಮಂಜೂರಾಗಿದೆ, ಸೋಮವಾರದಿಂದ ನಿಮ್ಮ ಮನೆಗೇ ಒಬ್ಬ ಹೆಂಗಸು ಬರುತ್ತಾಳೆ. ಪತ್ರ ಹಿಡಿದು ವರಾಂಡಕ್ಕೆ ಹೋಗಿ ಕಂಬಿಯ ಮೇಲಿಂದ ಲಿಯೋನಾಗೆ ತೋರಿಸಿದೆ. ಖುಷಿಪಡುತ್ತಾಳೆ ಅಂದುಕೊಂಡಿದ್ದೆ. ಅವಳು ಓದಿ, ಮಡಚಿ, ವಾಪಸ್ ಕೊಟ್ಟಳು.

"ಹಾಗಾದ್ರೆ ಇನ್ಮೇಲೆ ಬರಲ್ಲ ನೀನು."

"ನಿನಗೂ ದಿನಾ ಸ್ನಾನ ಸಿಗುತ್ತಲ್ಲ ಮಾರಾಯ್ತಿ. ಮೂರು ತಿಂಗಳು ವಾರಕ್ಕೆರಡು ದಿನ ಒದ್ದೆ ಬಟ್ಟೆಯಲ್ಲಿ ಮೈ ಒರಸ್ಕೊಂಡಿದೀಯ. ನನಗ್ಯಾಕೆ ಇಷ್ಟು ಮಾಡ್ದೆ? ನಾನು ನಿನಗೇನೂ ಮಾಡ್ಲಿಲ್ಲ."

ಲಿಯೋನಾ ಬೀದಿ ನೋಡುತ್ತಿದ್ದಳು.

"ನಿನ್ನ ಮೇಲಿನ ಪ್ರೀತಿಗಲ್ಲ ಬಿಡು. ನಿನ್ನನ್ನ ಕಂಡ್ರೆ ನನಗೆ ಹೊಟ್ಟೆಕಿಚ್ಚು ಬರ್ನೀ, ಕಾರ್ಖಾನೆ ದಿನದಿಂದ. ಮೈಕ್‌ನ ಔಷಧಿಗೆ ನನ್ನ ಸಂಬಳವೆಲ್ಲ ಹೋಗ್ತಿತ್ತು. ಕುಣಿಯೋಕೆ ಹೋಗ್ತಿದ್ದದ್ದು ಅಲ್ಲಿ ಬಾಗಿಲಲ್ಲಿ ಟಿಕೆಟ್ ಹರಿದ್ರೆ ಐದು ಡಾಲರ್ ಕೊಡ್ತಿದ್ರು ಅಂತ. ಕೂಡಿಡೋಕೆ ನನಗೂ ಆಸೆ ಇತ್ತು. ನೀನು ಫಾದರ್ ಮುಂದೆ 'ನನಗೆ ಬೇಕಾದಷ್ಟಿದೆ' ಅಂದ್ಯಲ್ಲ, ಆ ಮಾತು ಒಂದ್ಸಲ ನನ್ನ ಬಾಯಲ್ಲಿ ಬರ್ಬೇಕು ಅಂತ ಎಷ್ಟು ಆಸೆಪಟ್ಟೆ ಗೊತ್ತಾ? ಆಮೇಲೆ ನೀನು ಬಿದ್ದೆ. ನಿನ್ನ ಹತ್ರ ಇಲ್ಲದ್ದು ನನ್ನ ಹತ್ರ ಇತ್ತು. ಮೂರು ತಿಂಗಳು ನಾನು ಸಾಹುಕಾರ್ತಿ ಆಗಿದ್ದೆ ಕಣೇ."

ಮೂವತ್ತು ಸಾವಿರ ಕೊಟ್ಟಾಗ ನನ್ನ ಮುಖದಲ್ಲಿ ಬಾರದ ಕಳೆ ಅವಳ ಮುಖದಲ್ಲಿತ್ತು. ಅದನ್ನು ನೋಡಿ ನನಗೆ ಮತ್ತೆ ಹೊಟ್ಟೆಕಿಚ್ಚಾಯಿತು.