ಬೆಳ್ಳಿಗೆ ಬಡ್ತಿ

ನವೆಂಬರ್ ಒಂಬತ್ತು, ಭಾನುವಾರ. ಬೆಳಿಗ್ಗೆ ಎಂಟು ಗಂಟೆ. ಸ್ಥಳ, ನಂಜನಗೂಡಿನ ನನ್ನ ಮನೆಯ ಊಟದ ಮೇಜು. ಹಾಜರಿದ್ದವರು: ನಾನು, ನರಸೀಪುರದಿಂದ ಬಂದ ನನ್ನ ತಮ್ಮ ಮಹದೇವ, ಅವನ ಹೆಂಡತಿ ಭಾಗ್ಯ. ಮಾತಾಡುತ್ತಿದ್ದವಳು ನಾನೊಬ್ಬಳೇ.

ಹೀಗೆ ಶುರು ಮಾಡುವುದು ನನ್ನ ವಾಡಿಕೆ. ನಾನು ಆಸ್ಪತ್ರೆಯಲ್ಲಿ ನರ್ಸಾಗಿ ಸೇರಿ ಮೇಟ್ರನ್ ಆಗಿ ನಿವೃತ್ತಿಯಾದವಳು. ಡ್ಯೂಟಿ ಬದಲಾಗುವಾಗ ದಿನ, ಹೊತ್ತು, ಯಾರಿದ್ದರು ಎಂದು ಹೇಳದೆ ರೋಗಿಯ ವಿಷಯಕ್ಕೆ ಹೋಗುವಂತಿರಲಿಲ್ಲ. ವಾರ್ಡು ಹೋಯಿತು, ವಾಡಿಕೆ ಉಳಿಯಿತು. ಈಗ ಹಾಲಿನವನು ತಡಮಾಡಿದರೂ ಪಕ್ಕದ ಮನೆಯವರಿಗೆ ಅದೇ ಕ್ರಮದಲ್ಲಿ ವರದಿ ಒಪ್ಪಿಸುತ್ತೇನೆ. ನನ್ನನ್ನು ಕಂಡೊಡನೆ ಬಾಗಿಲು ಹಾಕಿಕೊಳ್ಳುವುದನ್ನು ಅವರೂ ವಾಡಿಕೆ ಮಾಡಿಕೊಂಡಿದ್ದಾರೆ.

ಈ ದಿನದ ರೋಗಿ ನನ್ನ ತಮ್ಮ. ಕಾಯಿಲೆ, ಹಡಗು.

ಮಹದೇವನಿಗೆ ನರಸೀಪುರದಲ್ಲಿ ಗೊಬ್ಬರದ ಅಂಗಡಿ. ಎರಡು ಹೊಳೆ ಕೂಡುವ ಊರಿನಲ್ಲಿ ಹುಟ್ಟಿಯೂ ಈಜು ಕಲಿಯದವನು. ಕೆಲವು ವರ್ಷಗಳ ಹಿಂದೆ ಒಂದು ಗೊಬ್ಬರದ ಕಂಪನಿ, ಚೆನ್ನಾಗಿ ವ್ಯಾಪಾರ ಮಾಡಿದ ಅಂಗಡಿಯವರನ್ನೆಲ್ಲ ಮುಂಬೈಯಿಂದ ಹೊರಡುವ ವಿಹಾರದ ಹಡಗಿನಲ್ಲಿ ಸುತ್ತಾಡಿಸಿ ಕರೆತಂದಿತು. ಅವರೆಲ್ಲ ಊರಿಗೆ ಬಂದು ಯೂರಿಯಾ ಮಾರಿಕೊಂಡು ಸುಮ್ಮನಾದರು. ಇವನು ಮಾತ್ರ ತನ್ನ ಖರ್ಚಿನಲ್ಲಿ ಮತ್ತೆ ಹೋದ. ಭಾಗ್ಯಳನ್ನೂ ಕರೆದುಕೊಂಡು ಮತ್ತೆ ಮತ್ತೆ ಹೋದ. ಗೋವಾ, ಕೊಚ್ಚಿ, ಲಕ್ಷದ್ವೀಪ. ಏನು ನೋಡಿದೆಯೋ ಎಂದು ಕೇಳಿದರೆ ನೀರು ಎನ್ನುತ್ತಾನೆ. ಅದು ನಿಮ್ಮ ಮನೆಯ ಹಿಂದೆಯೇ ಇದೆಯಲ್ಲ ಎಂದರೆ ಅದಕ್ಕೆ ಕಾರ್ಡಿಲ್ಲ ಎನ್ನುತ್ತಾನೆ.

ಕಾರ್ಡಿನ ವಿಷಯ ಹೇಳಬೇಕು. ಪದೇ ಪದೇ ಬರುವ ಪ್ರಯಾಣಿಕರಿಗೆ ಹಡಗಿನ ಕಂಪನಿ ಅಂತಸ್ತು ಕೊಡುತ್ತದೆ. ಮೊದಲು ನೀಲಿ, ಆಮೇಲೆ ಬೆಳ್ಳಿ, ಚಿನ್ನ, ಪ್ಲಾಟಿನಂ, ವಜ್ರ. ಹಡಗಿನಲ್ಲಿ ಎಷ್ಟು ರಾತ್ರಿ ಮಲಗಿದಿರಿ ಎಂಬುದೇ ಅರ್ಹತೆ. ಎಚ್ಚರವಿದ್ದ ಹಗಲು ಲೆಕ್ಕಕ್ಕಿಲ್ಲ. ನಿದ್ದೆ ಮಾಡಿಯೇ ಬಡ್ತಿ ಪಡೆದವರು ನಮ್ಮ ಇಲಾಖೆಯಲ್ಲೂ ಇದ್ದರು, ಆದರೆ ಅವರಿಗೆ ಕಾರ್ಡು ಕೊಡುತ್ತಿರಲಿಲ್ಲ. ಚಿನ್ನದವರಿಗೆ ಹಡಗು ಹತ್ತಲು ಬೇರೆ ಬಾಗಿಲು. ಅವರ ಪೆಟ್ಟಿಗೆಗೆ ಬೇರೆ ಬಣ್ಣದ ಚೀಟಿ, ಅದು ಎಲ್ಲರಿಗಿಂತ ಮೊದಲು ಕೋಣೆ ಸೇರುತ್ತದೆ. ಕೋಣೆಯಲ್ಲಿ ಒಂದು ಬುಟ್ಟಿ ಹಣ್ಣು. ಕ್ಯಾಪ್ಟನ್ ಜೊತೆ ಒಂದು ಫೋಟೊ. ಬಟ್ಟೆ ಒಗೆಸಿದರೆ ರಿಯಾಯಿತಿ. ವೈನಿಗೂ ಒಂದು ಕೂಪನ್ ಉಂಟು. ಮಹದೇವ ಕುಡಿಯುವುದಿಲ್ಲ, ಆದರೆ ಕೂಪನ್ನುಗಳನ್ನೆಲ್ಲ ಜೋಪಾನವಾಗಿ ಇಟ್ಟಿದ್ದಾನೆ.

ವಜ್ರದ ಮೇಲೆ ಏನು ಎಂದು ಒಮ್ಮೆ ಕೇಳಿದೆ. ಬೇರೆ ಒಂದು ಕಂಪನಿಯಲ್ಲಿ ಟೈಟಾನಿಯಂ ಅಂತ ಇದೆಯಂತೆ ಅಕ್ಕ ಎಂದ, ದನಿ ತಗ್ಗಿಸಿ. ಟೈಟಾನಿಯಂ ಎಂದರೆ ನಮ್ಮ ಮೂಳೆ ವಾರ್ಡಿನಲ್ಲಿ ಮುರಿದ ಕಾಲಿಗೆ ಹಾಕುವ ಪ್ಲೇಟು. ಅದನ್ನು ಪಡೆಯಲು ಸಮುದ್ರಕ್ಕೆ ಹೋಗಬೇಕಿಲ್ಲ, ಬಚ್ಚಲಲ್ಲಿ ಜಾರಿದರೆ ಸಾಕು.

ಅಂತಸ್ತುಗಳ ಮೇಲೆ ನನಗೆ ದ್ವೇಷವಿಲ್ಲ. ನಾನೂ ಅವುಗಳ ನಡುವೆಯೇ ಬದುಕಿದವಳು. ಜನರಲ್ ವಾರ್ಡು, ಸೆಮಿ ಸ್ಪೆಷಲ್, ಸ್ಪೆಷಲ್. ಸ್ಪೆಷಲ್ ವಾರ್ಡಿನವರಿಗೆ ಕಿಟಕಿಗೆ ಪರದೆ ಇರುತ್ತಿತ್ತು, ಜ್ವರ ಅದೇ ಇರುತ್ತಿತ್ತು. ಜನರಲ್ ವಾರ್ಡಿನವರು ಬೇಗ ಗುಣವಾಗುತ್ತಿದ್ದರು ಎಂಬುದು ನನ್ನ ಗುಮಾನಿ, ಪಕ್ಕದ ಮಂಚದವರ ಕಥೆಯ ಮುಂದಿನ ಭಾಗ ಕೇಳಲಿಕ್ಕಾದರೂ ಬೆಳಿಗ್ಗೆ ಎದ್ದು ಕೂರಬೇಕಲ್ಲ. ಮೈಸೂರಿನಲ್ಲಿ ಕೆಲಸವಿದ್ದಾಗ ದಿನಾ ರೈಲಿನಲ್ಲಿ ಓಡಾಡುತ್ತಿದ್ದೆ. ಆ ಡಬ್ಬಿಯಲ್ಲೂ ತಿಂಗಳ ಪಾಸಿನವರಿಗೆ ಒಂದು ಅಂತಸ್ತು ತಾನಾಗಿಯೇ ಇತ್ತು. ಹಳಬರಿಗೆ ಕಿಟಕಿ, ಅವರಿಗಿಂತ ಕಿರಿಯರಿಗೆ ನಡುವಿನ ಜಾಗ, ಹೊಸಬರಿಗೆ ಬಾಗಿಲು. ನನಗೆ ಕಿಟಕಿ ಸಿಕ್ಕ ತಿಂಗಳೇ ವರ್ಗವಾಯಿತು. ಆ ಕಿಟಕಿಯ ಬಗ್ಗೆ ಇಂದಿಗೂ ಯೋಚಿಸುತ್ತೇನೆ. ಹಾಗಾಗಿ ತಮ್ಮನನ್ನು ನೋಡಿ ನಗುವ ಅಧಿಕಾರ ನನಗೆ ಅಷ್ಟಾಗಿ ಇಲ್ಲ.

ಚಿಕ್ಕಂದಿನಲ್ಲಿ ನಾವು ಹೊಳೆ ದಾಟುತ್ತಿದ್ದ ಹರಿಗೋಲಿನಲ್ಲಿ ಮಾತ್ರ ಇದೊಂದೂ ಇರಲಿಲ್ಲ. ಹರಿಗೋಲು ದುಂಡಗೆ ಇರುತ್ತದೆ, ಅದಕ್ಕೆ ಮುಂದಿಲ್ಲ ಹಿಂದಿಲ್ಲ. ಆದರೂ ಮಹದೇವ ಎಲ್ಲರಿಗಿಂತ ಮೊದಲು ಹಾರಿ ಕೂರುತ್ತಿದ್ದ. ಮೊದಲು ಹತ್ತಿದವನ ಕೈಗೆ ಅಂಬಿಗ ಒಂದು ತಗಡಿನ ಡಬ್ಬ ಕೊಡುತ್ತಿದ್ದ, ಒಳಗೆ ಸೇರಿದ ನೀರನ್ನು ಎತ್ತಿ ಹೊರಕ್ಕೆ ಚೆಲ್ಲಲು. ಆ ಡಬ್ಬವನ್ನು ಅವನು ಹಿಡಿಯುತ್ತಿದ್ದ ಠೀವಿ ನೋಡಿದ್ದರೆ ಹಡಗಿನ ಕಂಪನಿಯವರು ಆಗಲೇ ಕಾರ್ಡು ಕೊಟ್ಟುಬಿಡುತ್ತಿದ್ದರು.

ಈಗ ಕಾಯಿಲೆಯ ವಿವರ. ಗಂಡಹೆಂಡತಿ ಜೊತೆಯಾಗಿಯೇ ಹೋದರೂ ಮಹದೇವ ಚಿನ್ನ, ಭಾಗ್ಯ ಬೆಳ್ಳಿ. ಕಾರಣ, ಒಂದು ಸಲ ಅವಳು ಹೋಗಲಿಲ್ಲ. ಆಗ ಅವರ ಜೊತೆಗಿದ್ದ ನಮ್ಮ ಅವ್ವನಿಗೆ ಕಣ್ಣಿನ ಆಪರೇಶನ್ ಆಗಿತ್ತು. ನಾನು ನೋಡಿಕೊಳ್ಳುತ್ತೇನೆಂದು ಚೀಲ ಸಮೇತ ಹೋಗಿದ್ದೆ, ಅವ್ವ ಒಪ್ಪಲಿಲ್ಲ. ನಾನು ಗಡಿಯಾರ ನೋಡಿ ಔಷಧಿ ಬಿಡುತ್ತೇನೆ, ಭಾಗ್ಯ ಮುಖ ನೋಡಿ ಬಿಡುತ್ತಾಳೆ ಎಂಬುದು ಅವಳ ದೂರು. ಹೀಗೆ ವೃತ್ತಿಪರಳಾದ ನನ್ನನ್ನು ವಾಪಸು ಕಳಿಸಿ ಭಾಗ್ಯಳನ್ನು ಉಳಿಸಿಕೊಂಡಳು. ಮಹದೇವ ಗೆಳೆಯರ ಜೊತೆ ಹೋದ. ಆ ರಾತ್ರಿಗಳು ಅವನನ್ನು ಚಿನ್ನಕ್ಕೆ ಏರಿಸಿದವು. ಭಾಗ್ಯಳ ರಾತ್ರಿಗಳು ನರಸೀಪುರದಲ್ಲಿ ಕಳೆದವು, ಅಲ್ಲಿ ಯಾವ ಕಂಪನಿಯೂ ಅವನ್ನು ಎಣಿಸಲಿಲ್ಲ.

ಹೋದ ತಿಂಗಳು ಹಡಗು ಹತ್ತಲು ಇಬ್ಬರೂ ಮುಂಬೈ ಬಂದರಿಗೆ ಹೋದರು. ಚಿನ್ನದವರ ಬಾಗಿಲು ಕಂಡಿದ್ದೇ ಮಹದೇವ ನೇರ ಒಳಗೆ ನಡೆದ. ಹಿಂದೆಯೇ ಹೋದ ಭಾಗ್ಯಳನ್ನು ಬಾಗಿಲಿನವರು ತಡೆದು, ಮೇಡಂ ನೀವು ಬೆಳ್ಳಿ ಎಂದು ಉದ್ದನೆಯ ಸಾಲು ತೋರಿಸಿದರು. ಗಂಡ ತಿರುಗಿ ನೋಡುತ್ತಾನೆಂದು ಕಾದಳು. ನೋಡಲಿಲ್ಲ. ಬಿಸಿಲಲ್ಲಿ ಬಹಳ ಹೊತ್ತು ನಿಂತು ಹಡಗು ಹತ್ತಿದಳು. ಪ್ರಯಾಣವಿಡೀ ಮಾತಿಲ್ಲ.

ಊರಿಗೆ ಬಂದ ಮೇಲೂ ಅವಳು ಕೂಗಾಡಲಿಲ್ಲ. ಮನೆಯಲ್ಲಿ ಅಂತಸ್ತು ಜಾರಿಗೆ ತಂದಳು. ಬೆಳಗಿನ ಮೊದಲ ಹಾಲು ಬೆಕ್ಕಿಗೆ, ಮೊದಲ ಕಾಫಿ ಮನೆಕೆಲಸದ ಸಿದ್ದಮ್ಮನಿಗೆ, ಎಲ್ಲ ಮುಗಿದ ಮೇಲೆ ತಳದಲ್ಲಿ ಉಳಿದದ್ದು ಮಹದೇವನಿಗೆ. ಇದೇನು ಎಂದು ಅವನು ಕೇಳಿದರೆ ಉತ್ತರ ಬೆಕ್ಕಿಗೆ ಹೋಗುತ್ತಿತ್ತು. "ನೀನು ದಿನಾ ರಾತ್ರಿ ಈ ಮನೇಲೇ ಮಲಗ್ತೀಯ, ನೀನು ವಜ್ರ. ಆವಯ್ಯ ಈಗಿನ್ನೂ ಬಂದವ್ರೆ, ನೀಲಿ."

ಮೂರು ವಾರ ಹೀಗೆ ನಡೆದ ಮೇಲೆ ಮಹದೇವ ನನಗೆ ಫೋನು ಮಾಡಿದ. ಡಿಸೆಂಬರ್ ಮುಗಿಯುವುದರೊಳಗೆ ಇನ್ನೊಂದು ಸಲ ಹೋಗದಿದ್ದರೆ ಚಿನ್ನ ಹೋಗಿಬಿಡುತ್ತದೆ, ಭಾಗ್ಯ ಮಾತು ಬಿಟ್ಟಿದ್ದಾಳೆ, ಏನು ಮಾಡಲಿ ಅಂದ. ತುರ್ತು ವಿಭಾಗದಲ್ಲಿ ರೋಗಿ ಯಾವುದನ್ನು ಮೊದಲು ಹೇಳುತ್ತಾನೆ ಎಂದು ಗಮನಿಸುವ ಅಭ್ಯಾಸ ನನಗಿದೆ. ಕಾರ್ಡು ಮೊದಲು ಬಂತು, ಹೆಂಡತಿ ಆಮೇಲೆ ಬಂದಳು. ಭಾನುವಾರ ಇಬ್ಬರೂ ಬನ್ನಿ, ದೇವಸ್ಥಾನಕ್ಕೆ ಹೋಗೋಣ ಎಂದೆ. ಈ ಊರಿನ ದೇವರು ವೈದ್ಯನೆಂದು ಹೆಸರಾದವನು. ನನ್ನ ಕೈಮೀರಿದ್ದನ್ನು ಮೇಲಿನವರಿಗೆ ಕಳಿಸುವುದು ನಿಯಮ.

ತಿಂಡಿ ಮುಗಿಸಿ ಒಂಬತ್ತಕ್ಕೆ ಹೊರಟೆವು. ಕಾರ್ತಿಕ ಮಾಸ, ಜನ ಹೆಚ್ಚು. ಭಾಗ್ಯ ಹಣ್ಣುಕಾಯಿ ಚೀಲ ಹಿಡಿದು ಧರ್ಮದರ್ಶನದ ಸಾಲಿಗೆ ಸೇರಿದಳು. ಅವಳು ಯಾವತ್ತೂ ನಿಲ್ಲುವುದು ಅಲ್ಲೇ. ನಾನು ಅವಳ ಮುಂದೆ ನಿಂತೆ. ಮಹದೇವ ಕಾಣಲಿಲ್ಲ. ಅವನು ಕೌಂಟರಿನಲ್ಲಿ ಮೂರು ವಿಶೇಷ ದರ್ಶನದ ಟಿಕೆಟು ಕೊಂಡು, ವಿಶೇಷದವರ ಬಾಗಿಲಿನಿಂದ ಆಗಲೇ ಒಳಗೆ ನಡೆದಿದ್ದ.

ರಾಜಿ ಮಾಡಿಕೊಳ್ಳಲೆಂದು ಬಂದವನು ಅದೇ ತಪ್ಪನ್ನು ಅದೇ ನಡಿಗೆಯಲ್ಲಿ ಮಾಡಿದ. ಭಾಗ್ಯ ನೋಡಿದಳು. ನನ್ನನ್ನೂ ನೋಡಿದಳು. ನಾನು ಗೋಪುರ ನೋಡಿದೆ.

ಒಂದು ವ್ಯತ್ಯಾಸವಾಯಿತು, ಈ ಸಲ ಅವನು ತಿರುಗಿ ನೋಡಿದ. ಕಂಬಿಯ ಆಚೆ ನಿಂತು ಕೈಯಲ್ಲಿದ್ದ ಮೂರು ಟಿಕೆಟು ನೋಡಿದ, ಹಿಂದೆ ಯಾರೂ ಇಲ್ಲದ್ದನ್ನು ನೋಡಿದ. ಹೊರಗೆ ಬಂದು ನಮ್ಮ ಹತ್ತಿರ ನುಗ್ಗಲು ಹೋದ. ಸಾಲಿನವರು ಬಿಡಲಿಲ್ಲ. ಇಂದಕ್ಕೆ ಓಗಿ ಸಾ, ನಾವೇನು ಸುಮ್ನೆ ನಿಂತಿದ್ದೀವಾ ಎಂದರು. ಹೋಗಿ ಕೊನೆಯಲ್ಲಿ ನಿಂತ. ಕೊನೆ ಎಂದರೆ ನಮಗೆ ಕಾಣದಷ್ಟು ದೂರ.

ಆಮೇಲೆ ನಡೆದದ್ದನ್ನು ಯಾವ ಕಂಪನಿಯೂ ಯೋಜಿಸಿರಲಾರದು. ಮಹದೇವ ತನ್ನ ಮುಂದಿದ್ದವರನ್ನು ದಾರಿ ಬಿಡಿ ಎಂದು ಕೇಳಿದ, ಅವರು ಕಾರಣ ಕೇಳಿದರು, ಹೇಳಿದ. ಅವರು ಜಾಗ ಬಿಟ್ಟರು. ಅವರ ಮುಂದಿನವರೂ ಕಾರಣ ಕೇಳಿದರು. ಹೀಗೆ ಒಬ್ಬೊಬ್ಬರಿಗೂ ತನ್ನ ತಪ್ಪನ್ನು ಒಪ್ಪಿಸಿ ಒಂದೊಂದು ಸ್ಥಾನ ಮೇಲೇರುತ್ತಾ ಬಂದ. ಆದರೆ ಸುದ್ದಿ ಅವನಿಗಿಂತ ಬೇಗ ಬಂತು, ಬರುತ್ತಾ ಬೆಳೆಯಿತು. ಭಾಗ್ಯಳ ಹಿಂದೆ ಚಿಕ್ಕಯ್ಯನಛತ್ರದ ಕಡೆಯ ಒಬ್ಬ ಅಜ್ಜಿ, ಸೊಸೆ ಮತ್ತು ಮಗಳ ಜೊತೆ ನಿಂತಿದ್ದಳು. ಆಕೆ ಭಾಗ್ಯಳ ಭುಜ ತಟ್ಟಿದಳು.

"ಕೇಳ್ದಾ ಕಣವ್ವ? ಯಾವನೋ ಎಂಡ್ತೀನ ಬೊಂಬಾಯಲ್ಲಿ ಬುಟ್ಟು, ತಾನೊಬ್ನೇ ಅಡಗು ಅತ್ಕಂಡು ಓಗ್ಬುಟ್ನಂತೆ. ಪಾಪ, ಆ ಎಣ್ಣು ಅವ್ರನ್ನ ಇವ್ರನ್ನ ಕೇಳ್ಕಂಡು ಊರ್ ಸೇರ್ತಂತೆ. ಅಂತೋನ್ಗೆ ದ್ಯಾವ್ರು ಯಾಕ್ ಬೇಕು?"

ಭಾಗ್ಯ ಅಜ್ಜಿಯ ಕಡೆ ತಿರುಗಿದಳು. ಈ ಜಗಳವನ್ನು ನಾನು ಇಬ್ಬರ ಬಾಯಲ್ಲೂ ಕೇಳಿದ್ದೆ. ಅವಳು ಆಗ ಹೇಳಿದ ಮಾತು ಮಾತ್ರ ಎರಡರಲ್ಲೂ ಇರಲಿಲ್ಲ.

"ಬುಟ್ಟು ಓಗ್ಲಿಲ್ಲ ಕಣಜ್ಜಿ. ಒಳಗಡೆ ಬಾಗ್ಲಲ್ಲೇ ಕಾಯ್ತಾ ನಿಂತಿದ್ರು, ಎರಡು ಕೈಲೂ ಜ್ಯೂಸ್ ಲೋಟ ಇಡ್ಕೊಂಡು. ನಾನ್ ಓಗೋ ಒತ್ಗೆ ಅದು ಬಿಸಿಯಾಗೋಗಿತ್ತು. ತಮ್ದೂ ಕುಡ್ದಿರ್ಲಿಲ್ಲ."

"ನಿನ್ ಗಂಡನಾ?"

"ಊಂ."

"ಮೊದ್ಲೇ ಯೋಳ್ಬಾರ್ದಾ? ಆಗ್ಲಿಂದ ಬಯ್ಕಂಡು ನಿಂತಿವ್ನಿ," ಎಂದಳು ಅಜ್ಜಿ, ವ್ಯರ್ಥವಾದ ಬೈಗುಳಕ್ಕೆ ಮರುಗುವವಳಂತೆ.

ಅಷ್ಟರಲ್ಲಿ ಮಹದೇವ ಬೆವರೊರೆಸಿಕೊಳ್ಳುತ್ತಾ ಅಜ್ಜಿಯ ಹಿಂದಕ್ಕೆ ಬಂದು ತಲುಪಿದ. ಮತ್ತೆ ಮೊದಲಿನಿಂದ ಹೇಳಲು ಬಾಯಿ ತೆರೆದ. ಅಜ್ಜಿ ತಡೆದಳು. ಅವಳ ಕಣ್ಣು ಅವನ ಷರ್ಟಿನ ಜೇಬಿನ ಮೇಲಿತ್ತು. ಅದೇನಪ್ಪ ಎಂದಳು. ಸ್ಪೆಷಲ್ ಟಿಕೆಟ್ ಕಣಜ್ಜಿ, ಮೂರಿದೆ ಎಂದ.

"ಮಡೀಕಂಡು ಏನ್ಮಾಡೀಯೆ? ಇಲ್ಲಿ ತತ್ತಾ. ನಂಗೆ ಮಂಡಿ ಇಡ್ಕಂಡದೆ. ನನ್ ಜಾಗ ನೀನ್ ತಕಾ."

ಮಹದೇವ ಟಿಕೆಟು ತೆಗೆದು ಒಂದು ಕ್ಷಣ ನೋಡಿದ. ಆ ಮುಖ ನನಗೆ ಚೆನ್ನಾಗಿ ಗೊತ್ತು. ಆಪರೇಶನ್ ಥಿಯೇಟರಿಗೆ ಹೋಗುವ ಮುಂಚೆ ಬೆರಳಿನ ಉಂಗುರ ಬಿಚ್ಚಿಕೊಡುವವರ ಮುಖ ಅದು. ಬಿಚ್ಚಲು ಹೇಳಿದಾಗ ಎಲ್ಲರೂ ಒಂದು ಕ್ಷಣ ತಡೆಯುತ್ತಾರೆ, ಆಮೇಲೆ ಕೊಡುತ್ತಾರೆ. ಅವನೂ ಕೊಟ್ಟ. ಅಜ್ಜಿ ಸೊಸೆ ಮಗಳನ್ನು ಕರೆದುಕೊಂಡು ವಿಶೇಷದವರ ಬಾಗಿಲಿಗೆ ಹೊರಟಳು, ಮಂಡಿ ಹಿಡಿದವಳ ನಡಿಗೆಯಲ್ಲಂತೂ ಅಲ್ಲ.

ಈಗ ಭಾಗ್ಯಳ ಬೆನ್ನಿಗೆ ಮಹದೇವ. ಸಾಲು ಎರಡು ಹೆಜ್ಜೆ ಮುಂದೆ ಸರಿಯಿತು. ಭಾಗ್ಯ ತಿರುಗದೆಯೇ ಹಣ್ಣುಕಾಯಿ ಚೀಲವನ್ನು ಹಿಂದಕ್ಕೆ ಚಾಚಿದಳು.

"ಇಡ್ಕೊಳಿ. ಕೈ ನೋಯ್ತದೆ."

ಬೆಕ್ಕಿನ ಮೂಲಕವಲ್ಲದೆ ಅವಳು ಅವನಿಗೆ ಹೇಳಿದ ಮೊದಲ ಮಾತು ಅದು. ಮಹದೇವ ಚೀಲವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ, ಹರಿಗೋಲಿನಲ್ಲಿ ತಗಡಿನ ಡಬ್ಬ ಹಿಡಿಯುತ್ತಿದ್ದ ಅದೇ ಠೀವಿಯಲ್ಲಿ. ಸ್ವಲ್ಪ ಹೊತ್ತಾದ ಮೇಲೆ, ಡಿಸೆಂಬರಿಂದು ಬೇಡ ಬಿಡು, ಚಿನ್ನ ಹೋದರೆ ಹೋಗಲಿ ಎಂದ. ಅಷ್ಟು ಹೇಳಲು ಅವನಿಗೆ ಎಷ್ಟು ಕಷ್ಟವಾಯಿತೆಂದು ನನ್ನ ಬೆನ್ನಿಗೇ ಗೊತ್ತಾಯಿತು.

"ಯಾಕೆ ಬೇಡ? ಬತ್ತೀನಿ," ಎಂದಳು ಭಾಗ್ಯ. "ಆದ್ರೆ ನಾನ್ ನಿಲ್ಲೋ ಸಾಲಲ್ಲೇ ನೀವೂ ನಿಂತ್ಕೋಬೇಕು. ಆ ಹಣ್ಣಿನ ಬುಟ್ಟಿ ಮಾತ್ರ ಬಿಡಕ್ಕೋಗ್ಬೇಡಿ, ಚೆನ್ನಾಗಿರ್ತದೆ."

ದರ್ಶನ ಮುಗಿಸಿ ಹೊರಬಂದಾಗ ಅಜ್ಜಿ ಜಗಲಿಯ ಮೇಲೆ ಕಾಲು ಚಾಚಿ ಕುಳಿತಿದ್ದಳು. ಹೇಗಾಯ್ತಜ್ಜಿ ಎಂದು ಕೇಳಿದೆ. ಬೇಗ ಆಗೋಯ್ತು ಕಣವ್ವ, ಒಬ್ಬರೂ ಮಾತಾಡೋರಿಲ್ಲ ಅಲ್ಲಿ, ಬೇಜಾರು ಎಂದಳು. ಆಮೇಲೆ ಇತ್ತ ಸಾಲಿನಲ್ಲಿ ಮಹದೇವನ ಕಥೆ ಏನಾಯಿತೆಂದು ನನ್ನನ್ನು ಕೇಳಿದಳು. ಕಥೆಯ ಕೊನೆ ಅವಳಿಗೆ ತಪ್ಪಿಹೋಗಿತ್ತು. ನಾನು ದಿನ, ಹೊತ್ತು, ಹಾಜರಿದ್ದವರಿಂದ ಆರಂಭಿಸಿ ಹೇಳಿದೆ. ಅವಳು ಪೂರ್ತಿ ಕೇಳಿದಳು. ನನ್ನ ನಿವೃತ್ತ ಜೀವನದಲ್ಲಿ ಇದು ಅಪರೂಪ.

ಮನೆಗೆ ಬಂದು ಊಟ ಮಾಡಿ, ಅವರಿಬ್ಬರೂ ಸ್ವಲ್ಪ ಮಲಗಿ ಎದ್ದರು. ಸಂಜೆ ಐದಕ್ಕೆ ಹೊರಡುವ ಮುಂಚೆ ನೀವು ಕೂತ್ಕೊಳಿ ಅಕ್ಕ ಎಂದು ಭಾಗ್ಯ ತಾನೇ ಕಾಫಿ ಮಾಡಿ ತಂದಳು. ಮೊದಲ ಲೋಟ ಹಿರಿಯಳೆಂದು ನನಗೆ. ಮಹದೇವ ತನ್ನ ಸರದಿ ಕೊನೆಗೆಂದು ಪೇಪರು ಓದುತ್ತಿದ್ದ. ಎರಡನೆಯ ಲೋಟ ಅವನ ಮುಂದೆ ಬಂತು. ಅವನು ಲೋಟ ನೋಡಿದ, ಹೆಂಡತಿಯನ್ನು ನೋಡಿದ, ಮುಟ್ಟಬಹುದೇ ಎಂದು ನನ್ನನ್ನು ನೋಡಿದ.

"ಬೆಳ್ಳಿಗೆ ಏರ್ಸಿದೀನಿ ಅಕ್ಕ," ಎಂದಳು ಭಾಗ್ಯ, ಅವನ ಪಕ್ಕದಲ್ಲಿ ತನ್ನ ಲೋಟ ಇಟ್ಟುಕೊಂಡು ಕೂರುತ್ತಾ. "ನಂದೂ ಅದೇ ಅಲ್ವಾ."

ಮಹದೇವ ಲೋಟ ಎತ್ತಲಿಲ್ಲ. ಅವಳು ಕೂತು, ಸೆರಗು ಸರಿಮಾಡಿಕೊಂಡು, ತನ್ನದನ್ನು ಕೈಗೆ ತೆಗೆದುಕೊಳ್ಳುವವರೆಗೆ ಕಾದ. ಆ ಹೊತ್ತಿಗೆ ಅವನದು ಆರಿಹೋಗಿತ್ತು.

ಕಾರು ಬೀದಿ ತಿರುಗುವವರೆಗೆ ಗೇಟಿನಲ್ಲಿ ನಿಂತಿದ್ದು ಒಳಗೆ ಬಂದೆ. ಮೂರು ಲೋಟ ತೊಳೆದು ಬೋರಲು ಹಾಕಿದೆ.