ಹೆಬ್ಬಾತನ್ನು ಮೊದಲು ಕಂಡವರು

ಇದನ್ನು ಹೇಳಬೇಕೆಂದು ಮೂರು ಚಳಿಗಾಲಗಳಿಂದ ಅಂದುಕೊಳ್ಳುತ್ತ, ಮುಂದಕ್ಕೆ ಹಾಕುತ್ತ ಬಂದಿದ್ದೇನೆ. ಒಂದು ಹಕ್ಕಿಯ ವಿಷಯಕ್ಕೆ ಇಷ್ಟೇಕೆ ಎಂದು ಕೇಳುವವರು ಕೇಳಲಿ. ನಾನು ಅವರ ಅನುಮತಿ ಕೇಳಿಲ್ಲ.

ಹೈದರಾಬಾದಿನ ಮಿಯಾಪುರದಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಹಿಂದೆ ಒಂದು ಕೆರೆಯಿದೆ. ಒಂದು ಬದಿಗೆ ವಾಕಿಂಗ್ ದಾರಿ, ಇನ್ನೊಂದು ಬದಿಗೆ ಜೊಂಡು. ದೀಪಾವಳಿ ಕಳೆದು ಬೆಳಗಿನ ಗಾಳಿ ತಣ್ಣಗಾದಂತೆ ಅಲ್ಲಿಗೆ ವಲಸೆ ಹಕ್ಕಿಗಳು ಇಳಿಯುತ್ತವೆ. ಅವನ್ನು ನೋಡಲು ಭಾನುವಾರ ಸೇರುವ ಏಳೆಂಟು ಕನ್ನಡದವರಲ್ಲಿ ನಾನೂ ನನ್ನ ಹೆಂಡತಿಯೂ ಇದ್ದೆವು. ಉಳಿದವರೆಲ್ಲ ದೊಡ್ಡ ಓದು ಓದಿದವರು. ನಾನು ಹತ್ತನೆಯ ತರಗತಿ ಮುಗಿಸಿ, ಸುಲ್ತಾನ್ ಬಜಾರಿನ ಅಂಗಡಿಯೊಂದರಲ್ಲಿ ಸೀರೆ ಬಿಚ್ಚಿ ತೋರಿಸಿ ಮತ್ತೆ ಮಡಚುತ್ತ ಮುದುಕನಾದವನು. ಆದರೆ ನನ್ನ ಅಕ್ಷರ ದುಂಡಗಿತ್ತು. ಹಾಗಾಗಿ ಕಂಡ ಹಕ್ಕಿಗಳನ್ನು ಗುಂಪಿನ ಪುಸ್ತಕದಲ್ಲಿ ಬರೆದಿಡುವ ಕೆಲಸ ನನಗೆ ಬಂತು. ಅದರೊಂದಿಗೆ ಜಂಬವೂ ಬಂತು.

ಇಬ್ಬರು ನೋಡಿದ ಹಕ್ಕಿಯನ್ನು ಮಾತ್ರ ಬರೆಯಬೇಕು ಎಂಬುದು ಗುಂಪಿನ ನಿಯಮ. ಗಂಡ ಹೆಂಡತಿ ಇಬ್ಬರೂ ನೋಡಿದರೆ ಅದು ಒಂದೇ ಸಾಕ್ಷಿ ಎಂದು ನಾನು ಸೇರಿಸಿದೆ. ಒಬ್ಬರು ಹೇಳಿದ್ದಕ್ಕೆ ಇನ್ನೊಬ್ಬರು ತಲೆಯಾಡಿಸುತ್ತಾರೆ ಎಂಬುದು ನನ್ನ ವಾದ. ಎಲ್ಲರೂ ನಕ್ಕು ಒಪ್ಪಿದರು. ನನ್ನ ಹೆಂಡತಿ ನಗಲಿಲ್ಲ.

ಮೂರು ವರ್ಷಗಳ ಹಿಂದೆ, ಕಾರ್ತಿಕದ ಒಂದು ಶನಿವಾರ ನಾವಿಬ್ಬರೇ ಹೋಗಿದ್ದೆವು. ಅವಳು ತಟ್ಟನೆ ನಿಂತಳು. ಜೊಂಡಿನ ಹತ್ತಿರ, ಕರಿ ನಾಮಕೋಳಿಗಳ ನಡುವೆ, ಬೂದು ಬಣ್ಣದ ದೊಡ್ಡ ಹಕ್ಕಿಯೊಂದು ತೇಲುತ್ತಿತ್ತು.

"ನಮ್ಮೂರ ಕೆರಿಗೆ ಬರೂ ಹಕ್ಕಿರಿ ಇದು," ಎಂದಳು. "ತಲಿ ಹಿಂದ ಎರಡು ಕರೀ ಪಟ್ಟಿ ಅದಾವು ನೋಡ್ರಿ. ನಮ್ಮ ಶೇಂಗಾ ಹೊಲಾ ಮೇಯ್ತಿದ್ವು. ಓಡಸಾಕ ನಾನs ಹೋಗ್ತಿದ್ದೆ."

ಅವಳ ತವರು ಗದಗಿನ ಕಡೆಯ ಹಳ್ಳಿ. ನಾನು ದುರ್ಬೀನು ಹಿಡಿದು ನೋಡಿದೆ. ಎರಡೂ ಪಟ್ಟಿ ಇದ್ದವು. ಪಟ್ಟೆತಲೆ ಹೆಬ್ಬಾತು. ನಮ್ಮ ಕೆರೆಯಲ್ಲಿ ಅದುವರೆಗೆ ಯಾರೂ ಕಂಡಿರಲಿಲ್ಲ.

ಮರುದಿನವೂ ಅದು ಅಲ್ಲೇ ಇತ್ತು. ಗುಂಪಿನ ಹಿರಿಯರಾದ ನಿವೃತ್ತ ಬ್ಯಾಂಕ್ ನೌಕರರೊಬ್ಬರನ್ನು ಕರೆದು ತೋರಿಸಿದೆ. ಮೊದಲು ಕಂಡವರು ಎಂಬಲ್ಲಿ ನನ್ನ ಹೆಸರು, ಎರಡನೆಯದಾಗಿ ಅವರ ಹೆಸರು ಬರೆದೆ. ಎಲ್ಲರೂ ನನ್ನ ಕಣ್ಣನ್ನು ಹೊಗಳಿದರು. ಹಿಂದೆ ನಿಂತಿದ್ದ ನನ್ನ ಹೆಂಡತಿ, ನಿನ್ನೆಯೇ ತಾನು ತೋರಿಸಿದ್ದು ಎಂದು ಮೆಲ್ಲಗೆ ಹೇಳಿದಳು. ಎಲ್ಲರೂ ನನ್ನತ್ತ ತಿರುಗಿದರು.

"ಅಕಿಗೆ ಕಾಗಿನೂ ಹದ್ದಾಗಿ ಕಾಣ್ತೈತ್ರಿ," ಎಂದೆ. "ನಿನ್ನೆ ಅಕಿ ಕೆರಿ ಕಡೆ ಬಂದs ಇಲ್ಲ."

ಅದು ಶುದ್ಧ ಸುಳ್ಳು. ಜನ ನಕ್ಕರು. ಅವಳು ನನ್ನನ್ನೊಮ್ಮೆ ನೋಡಿ, ಸೆರಗು ಹೊದ್ದು ಮನೆಯ ಕಡೆ ನಡೆದಳು. ಮತ್ತೆ ಕೆರೆಗೆ ಬರಲಿಲ್ಲ. ಮನೆಯಲ್ಲಿ ಎಲ್ಲ ಮಾತೂ ಆಡುತ್ತಾಳೆ. ನಾನು ಹಕ್ಕಿಯ ಮಾತು ತೆಗೆದರೆ ಎದ್ದು ಹೋಗುತ್ತಾಳೆ.

ಈ ಕಾರ್ತಿಕದ ಒಂದು ಭಾನುವಾರ ಎಲ್ಲರೆದುರು ಪುಸ್ತಕ ತೆರೆದು ನಡೆದದ್ದನ್ನು ಹೇಳಿದೆ. ನನ್ನ ಹೆಸರು ಹೊಡೆದು ಅವಳ ಹೆಸರು ಬರೆದೆ. ನಾನು ಸೇರಿಸಿದ ನಿಯಮವನ್ನೂ ಹೊಡೆದುಹಾಕಿದೆ.

"ಬಿಡ್ರಿ ಅತ್ಲಾಗ," ಎಂದರು ಬ್ಯಾಂಕಿನ ಹಿರಿಯರು. "ಗಂಡ ಹೆಂಡ್ತಿ ಅಂದಮ್ಯಾಲೆ ಯಾರ ಹೆಸರಿದ್ರೇನು?"

"ಹಂಗಿದ್ರ ಮೊದಲs ಅಕಿ ಹೆಸರು ಇರಬಹುದಿತ್ತಲ್ರಿ."

ಪುಸ್ತಕ ಕೆಡಿಸಿದೆ ಎಂದು ಗೊಣಗಿದರು. ಅದು ನಾನು ಬರೆದ ದಿನವೇ ಕೆಟ್ಟಿತ್ತು ಎಂದೆ. ತಪ್ಪು ನನ್ನದು, ಆದರೆ ನಕ್ಕವರು ನೀವು ಎಂದೂ ಹೇಳಿದೆ. ಬೇರೆ ಬರೆಯುವವರನ್ನು ಹುಡುಕಿಕೊಳ್ಳಿ ಎಂದು ಪೆನ್ನು ಇಟ್ಟು ಬಂದೆ. ತಲೆ ತಗ್ಗಿಸಲಿಲ್ಲ.

ಆ ಸಂಜೆ ಅವಳು ಮೆಂತೆ ಸೊಪ್ಪು ಸೋಸುತ್ತಿದ್ದಳು. ಪುಸ್ತಕದಲ್ಲಿ ಅವಳ ಹೆಸರು ಬರೆದೆನೆಂದು ಹೇಳಿದೆ.

"ನಾ ಪುಸ್ತಕ ಕೇಳಿದ್ನೇನ್ರಿ?" ಎಂದಳು.

ಕೈ ನಿಲ್ಲಿಸಿ ಕಾದಳು. ಮುಂದಿನ ಮಾತು ಯಾವುದೆಂದು ಇಬ್ಬರಿಗೂ ಗೊತ್ತಿತ್ತು. ನಾನು ಬಾಲ್ಕನಿಗೆ ಹೋಗಿ ನಿಂತೆ. ಅವಳು ಮತ್ತೆ ಸೊಪ್ಪಿಗೆ ಕೈ ಹಾಕಿದಳು.

ಈ ವಯಸ್ಸಿನಲ್ಲಿ ಹೆಂಡತಿಯ ಮುಂದೆ ತಪ್ಪಾಯಿತು ಎನ್ನುವ ಪದ್ಧತಿ ನಮ್ಮಲ್ಲಿಲ್ಲ ಎನ್ನುತ್ತಾರೆ ಗೆಳೆಯರು. ಆ ಪದ್ಧತಿಯ ಹಿಂದೆ ನಾನು ಅಡಗುವುದಿಲ್ಲ. ಐದಾರು ಜನರೆದುರು ದನಿಯೇರಿಸಿದವನಿಗೆ ಅಡುಗೆಮನೆಯಲ್ಲಿ ಒಂದು ಮಾತು ಹೊರಡಲಿಲ್ಲ, ಅಷ್ಟೇ. ನಾನು ಇನ್ನೂ ಕ್ಷಮೆ ಕೇಳಬೇಕಾಗಿರುವುದು ಒಬ್ಬರನ್ನೇ. ನನ್ನ ಹೆಂಡತಿಯನ್ನು.