ಎಣಿಸುವ ಮೊದಲು ಲಾಭ ಅನ್ನಬೇಕು

ಜಲನಗರದ ದವಾಖಾನೆಯಲ್ಲಿ ಕೂತು ಬರೆಯುತ್ತಿದ್ದೇನೆ, ಗೆಳೆಯರೇ. ಮೊಮ್ಮಗಳಿಗೆ ಡೆಂಗಿ ಜ್ವರ. ನಿನ್ನೆಗಿಂತ ಇವತ್ತು ಪ್ಲೇಟ್‌ಲೆಟ್ ಇಳಿದಿದೆ. ಮಗ, ಸೊಸೆ ಇಬ್ಬರೂ ಫೋನಿಗೆ ಬಂದ ಅಂಕಿಯನ್ನೇ ನೋಡುತ್ತಿದ್ದಾರೆ. ಕೂಸಿನ ಮುಖ ಯಾರೂ ನೋಡುತ್ತಿಲ್ಲ.

ಎಪ್ಪತ್ತರ ದಶಕದಲ್ಲಿ ನನ್ನ ತಂಗಿಗೆ ಜ್ವರ ಬಿಟ್ಟ ಮೇಲೆ ಕಾಲ ತುಂಬ ಕೆಂಪು ಚುಕ್ಕೆ ಎದ್ದಿದ್ದವು. ಬಬಲೇಶ್ವರದಿಂದ ಬಿಜಾಪುರಕ್ಕೆ ಕರೆತಂದೆವು. ಡಾಕ್ಟರು ಸೂಕ್ಷ್ಮದರ್ಶಕದಲ್ಲಿ ಪ್ಲೇಟ್‌ಲೆಟ್ ಎಣಿಸಿದರು. ಮರುದಿನ ಮತ್ತೆ ಎಣಿಸಿ, "ಇನ್ನೂ ಕಡಿಮಿ ಆಗ್ಯಾವ" ಅಂದರು.

ನಮ್ಮಜ್ಜಿ ಸಿಡಿದಳು. "ಎಣಿಸಿದ್ದಕ್ಕ ಕಡಿಮಿ ಆಗ್ಯಾವ! ಜ್ವಾಳದ ರಾಶಿ ಅಳೀವಾಗ ಮೊದಲ ಸೇರಿಗೆ ನಾವು ಒಂದು ಅನ್ನೂದಿಲ್ಲ, ಲಾಭ ಅಂತೀವಿ. ನೀವು ಕೂಸಿನ ನೆತ್ತರಿಗೇ ದೃಷ್ಟಿ ಹಚ್ಚೀರಿ!"

ಡಾಕ್ಟರು ನಗಲಿಲ್ಲ. "ಅವು ರಕ್ತ ಸೋರದಂಗ ತಡಿಯೂ ಕಣ, ಅವ್ವಾ. ಎಣಿಕಿ ಅರ್ಧಾ ಮಾತಷ್ಟ ಹೇಳತೈತಿ. ಉಳಿದದ್ದು ನೀವು ನೋಡ್ರಿ. ವಸಡಿನ್ಯಾಗ, ಮೂಗಿನ್ಯಾಗ ರಕ್ತ ಕಂಡ್ರ ನನ್ನ ಕೂಗ್ರಿ."

ಅಜ್ಜಿ ಮಂಚದ ಬದಿ ಬಿಟ್ಟು ಏಳಲಿಲ್ಲ. ರಕ್ತ ಬರಲಿಲ್ಲ, ಎಣಿಕೆಯೂ ಏರತೊಡಗಿತು. ಅದನ್ನು ಹೇಳಲು ಬಂದ ಡಾಕ್ಟರನ್ನು ಕೈಯೆತ್ತಿ ತಡೆದಳು: "ಮೊದಲ ಲಾಭ ಅನ್ರಿ." ಅಷ್ಟು ಓದಿದ ಮನುಷ್ಯ "ಲಾಭ" ಎಂದು, ಆಮೇಲೆ ಅಂಕಿ ಹೇಳಿದರು.

ಈಗಷ್ಟೇ ಮೊಮ್ಮಗಳ ಬಾಯಿ ತೆರೆಸಿ ವಸಡು ನೋಡಿದೆ. ಚೊಕ್ಕ ಇದೆ. ಸಂಜೆ ಇನ್ನೊಂದು ವರದಿ ಬರುತ್ತದಂತೆ. "ನನಗ ಹೇಳದ ತೆರೀಬ್ಯಾಡ್ರಿ" ಎಂದು ಮಗನಿಗೂ ಸೊಸೆಗೂ ತಾಕೀತು ಮಾಡಿದ್ದೇನೆ. ಮೊದಲು ನಾನು ಲಾಭ ಅನ್ನಬೇಕಲ್ಲ!